ಓಟದ ಕುದುರೆಯ ವಂಶಬಲ

ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತನು ಏನೇನು ನೋಡುತ್ತಾನೆಂಬುದನ್ನು ನೀವು ಗಮನಿಸಿರಬಹುದು. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಮೈಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ. ಕೊಂಬು, ಗೊರಸುಗಳನ್ನು ಪರೀಕ್ಷಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊನೆಯಲ್ಲಿ, "ಇದರ ತಾಯಿ ಎಂಥದು? ಯಾವ ಬೀಜದ ಹೋರಿಗೆ ಹುಟ್ಟಿದ್ದು?" ಎಂದು ಕೇಳುತ್ತಾನೆ. ರೂಪ, ನಡಿಗೆ, ವಂಶ ಎಂಬ ಮೂರು ಸಾಕ್ಷಿಗಳನ್ನು ಅವನು ಹೀಗೆ ವಿಚಾರಿಸಿದಂತಾಯಿತು. ಈ ಮೂರರಲ್ಲಿ ಯಾವುದನ್ನು ನಂಬಬೇಕು? ನಂಬುವುದಾದರೆ ಎಷ್ಟರಮಟ್ಟಿಗೆ? ಈ ಪ್ರಶ್ನೆಗೆ ಅಂಕಿಗಳ ಮೂಲಕ ಉತ್ತರ ಹುಡುಕುವ ಶಾಸ್ತ್ರವೊಂದು ಬೆಳೆದುಬಂದಿದೆ. ಓಟದ ಕುದುರೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಪರಿಚಯ ಮಾಡಿಕೊಳ್ಳೋಣ.

ಉತ್ತಮವಾದ ತಂದೆತಾಯಿಗಳನ್ನು ಆರಿಸಿ, ಬೇಕಾದ ಗುಣವನ್ನು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚಿಸಿಕೊಳ್ಳುವ ಕ್ರಮಕ್ಕೆ 'ಆಯ್ಕೆಯ ತಳಿವರ್ಧನೆ' ಎಂದು ಹೆಸರು. ಇದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿ ಅರಮನೆಯ ದನಗಳ ಹಿಂಡುಗಳನ್ನು ಕಟ್ಟಿದರು. ಟಿಪ್ಪುಸುಲ್ತಾನನ ಕಾಲದಲ್ಲಿ ಅದಕ್ಕೆ 'ಅಮೃತಮಹಲ್' ಎಂಬ ಹೆಸರು ಬಂದಿತು. ಫಿರಂಗಿಗಳನ್ನೂ ದಂಡಿನ ಸಾಮಗ್ರಿಯನ್ನೂ ಎಳೆದುಕೊಂಡು ದಣಿಯದೆ ನಡೆಯುವ ಎತ್ತುಗಳೆಂದು ಆ ತಳಿ ಪ್ರಸಿದ್ಧವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ತನ್ನ ಅಶ್ವಪಡೆಗಾಗಿ ಕುದುರೆಗಳನ್ನು ಸಾಕಿಸಿದನು. ಮುಂದೆ ಅಲ್ಲಿಯೇ ಪಂದ್ಯದ ಕುದುರೆಗಳನ್ನು ಬೆಳೆಸುವ ಕ್ಷೇತ್ರವೂ ನೆಲೆಗೊಂಡಿತು. ಆ ಪಂದ್ಯದ ಕುದುರೆಗಳ ತಳಿ ಮೂಲತಃ ಇಂಗ್ಲೆಂಡಿನದು. 'ಥರೋಬ್ರೆಡ್' ಎಂದು ಕರೆಯಲ್ಪಡುವ ಈ ತಳಿಯ ತಂದೆತಾಯಿಗಳ ದಾಖಲೆಯನ್ನು ಮೂರು ಶತಮಾನಗಳ ಹಿಂದಿನವರೆಗೂ ಓದಬಹುದು. ಕುದುರೆ ಪಂದ್ಯದ ಸುತ್ತ ಬೆಳೆದ ಜೂಜು ಎಷ್ಟೋ ಮನೆಗಳನ್ನು ಹಾಳು ಮಾಡಿದೆ ಎಂಬುದು ನಿಜ. ಆದರೆ ಅದರ ವಂಶಗ್ರಂಥಗಳು ವಿಜ್ಞಾನಕ್ಕೆ ದೊರೆತ ಅಪೂರ್ವವಾದ ಭಂಡಾರ. ನಮ್ಮ ಪ್ರಯೋಜನಕ್ಕೆ ಬರುವುದು ಈ ಭಂಡಾರವೇ ಹೊರತು ಜೂಜಲ್ಲ.

ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೂರ್ವದೇಶಗಳಿಂದ ಮೂರು ಗಂಡುಕುದುರೆಗಳು ಇಂಗ್ಲೆಂಡಿಗೆ ಬಂದವು. ಕ್ಯಾಪ್ಟನ್ ಬೈಯರ್ಲಿ ಎಂಬ ಸೈನ್ಯಾಧಿಕಾರಿಯ 'ಬೈಯರ್ಲಿ ಟರ್ಕ್', ಅಲೆಪ್ಪೊ ನಗರದಲ್ಲಿ ಕೊಂಡು 1704ರಲ್ಲಿ ಇಂಗ್ಲೆಂಡಿಗೆ ಕಳುಹಿಸಲಾದ 'ಡಾರ್ಲಿ ಅರೇಬಿಯನ್', ತರುವಾಯ ಬಂದ 'ಗೊಡಾಲ್ಫಿನ್ ಅರೇಬಿಯನ್' ಇವೇ ಆ ಮೂರು. ಇಂದು ಪ್ರಪಂಚದಲ್ಲಿರುವ ಪ್ರತಿಯೊಂದು ಥರೋಬ್ರೆಡ್ ಗಂಡುಕುದುರೆಯ ತಂದೆ, ತಂದೆಯ ತಂದೆ, ಅವನ ತಂದೆ ಎಂದು ಹಿಂದಕ್ಕೆ ಹೋದರೆ ಈ ಮೂವರಲ್ಲಿ ಒಬ್ಬರನ್ನು ಮುಟ್ಟುತ್ತೇವೆ. ಡಾರ್ಲಿ ಅರೇಬಿಯನ್ನಿನ ನಾಲ್ಕನೆಯ ತಲೆಮಾರಿನ ಕುಡಿಯಾದ 'ಎಕ್ಲಿಪ್ಸ್' 1764ರ ಸೂರ್ಯಗ್ರಹಣದ ದಿನ ಹುಟ್ಟಿತು. ಆದುದರಿಂದಲೇ ಅದಕ್ಕೆ ಗ್ರಹಣವೆಂದು ಅರ್ಥ ಬರುವ ಆ ಹೆಸರು. ಓಡಿದ ಹದಿನೆಂಟು ಪಂದ್ಯಗಳಲ್ಲಿ ಅದು ಒಮ್ಮೆಯೂ ಸೋಲಲಿಲ್ಲ.

1791ರಲ್ಲಿ ಜೇಮ್ಸ್ ವೆದರ್‌ಬಿ ಎಂಬವರು ಈ ಕುದುರೆಗಳ ವಂಶಾವಳಿಯನ್ನು ಸಂಗ್ರಹಿಸಿ 'ಜನರಲ್ ಸ್ಟಡ್ ಬುಕ್' ಎಂಬ ಗ್ರಂಥಮಾಲೆಗೆ ನಾಂದಿ ಹಾಡಿದರು. ಅಂದಿನಿಂದ ಆ ದಾಖಲೆ ಮುಂದುವರಿಯುತ್ತಲೇ ಬಂದಿದೆ. ಭಾರತದಲ್ಲಿ ಹುಟ್ಟುವ ಥರೋಬ್ರೆಡ್ ಮರಿಗಳ ದಾಖಲೆಯನ್ನು ಪುಣೆಯಲ್ಲಿರುವ ಪ್ರಾಧಿಕಾರವೊಂದು ಇಡುತ್ತದೆ. ಹಸುಗಳಲ್ಲಿ ಬಳಕೆಯಲ್ಲಿರುವ ಕೃತಕ ಗರ್ಭಧಾರಣೆಗೆ ಈ ತಳಿಯಲ್ಲಿ ಅವಕಾಶವಿಲ್ಲ. ಮರಿಯ ತಂದೆತಾಯಿ ಇವರೇ ಎಂಬುದನ್ನು ಈಗ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಂಡ ನಂತರವೇ ಹೆಸರನ್ನು ಗ್ರಂಥಕ್ಕೆ ಸೇರಿಸುತ್ತಾರೆ. ಮನುಷ್ಯರಲ್ಲಿ ಅರಸುಮನೆತನಗಳಿಗೂ ಇಷ್ಟು ಖಚಿತವಾದ ವಂಶಾವಳಿ ಇರಲಾರದು.

ಇಂಥ ದಾಖಲೆ ಕೈಯಲ್ಲಿದ್ದುದರಿಂದ ಕುದುರೆ ಸಾಕುವವರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿತು: ದೊಡ್ಡ ಹೆಸರಿನ ಪೂರ್ವಜನಿದ್ದರೆ ಸಾಕು, ಮರಿಯೂ ದೊಡ್ಡದಾಗುತ್ತದೆ ಎಂಬುದು. ಈ ನಂಬಿಕೆಯನ್ನು ಸರಳವಾದ ಗಣಿತದಿಂದ ಪರೀಕ್ಷಿಸೋಣ. ಮರಿಯು ತನ್ನ ವಂಶವಾಹಿಗಳಲ್ಲಿ ಅರ್ಧವನ್ನು ತಂದೆಯಿಂದಲೂ ಅರ್ಧವನ್ನು ತಾಯಿಯಿಂದಲೂ ಪಡೆಯುತ್ತದೆ. ಆದುದರಿಂದ ಅಜ್ಜನ ಪಾಲು ಸರಾಸರಿ ನಾಲ್ಕರಲ್ಲಿ ಒಂದು, ಮುತ್ತಜ್ಜನದು ಎಂಟರಲ್ಲಿ ಒಂದು. ಹೀಗೆಯೇ ಅರ್ಧಿಸುತ್ತ ಹೋದರೆ ಹತ್ತು ತಲೆಮಾರುಗಳ ಹಿಂದಿನ ಪೂರ್ವಜನೊಬ್ಬನ ಪಾಲು 1,024ರಲ್ಲಿ ಒಂದಕ್ಕೆ ಇಳಿಯುತ್ತದೆ. ಒಂದೇ ಹೆಸರು ವಂಶಾವಳಿಯ ಹಲವು ಕಡೆ ಮರಳಿ ಬಂದಿದ್ದರೆ ಆ ಪಾಲು ಅಷ್ಟಷ್ಟು ಹೆಚ್ಚುತ್ತದೆ, ನಿಜ. ಆದರೂ ದೂರದ ಪೂರ್ವಜನ ಕೀರ್ತಿಯೆಲ್ಲವೂ ಮರಿಯ ಮೈಗೆ ಇಳಿದುಬರುವುದಿಲ್ಲ.

ಇನ್ನೊಂದು ವಿಚಾರವಿದೆ. ತಂದೆ ಕೊಡುವುದು ಅರ್ಧವೆಂದಮೇಲೆ ಯಾವ ಅರ್ಧ? ಕುದುರೆಯ ಪ್ರತಿಯೊಂದು ಜೀವಕೋಶದಲ್ಲಿ 64 ವರ್ಣತಂತುಗಳು, ಎಂದರೆ 32 ಜೋಡಿಗಳು ಇರುತ್ತವೆ. ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಮರಿಗೆ ಹೋಗುತ್ತದೆ. ಯಾವುದು ಹೋಗುವುದೆಂಬುದು ಕೇವಲ ಆಕಸ್ಮಿಕ. ಹೀಗೆ ಒಂದೇ ಕುದುರೆ ತನ್ನ ಮರಿಗಳಿಗೆ ಕೊಡಬಹುದಾದ ಬೇರೆ ಬೇರೆ ಕಟ್ಟುಗಳ ಸಂಖ್ಯೆ, ಮೂವತ್ತೆರಡು ಎರಡುಗಳನ್ನು ಒಂದರೊಡನೊಂದು ಗುಣಿಸುತ್ತ ಹೋದಷ್ಟು. ಅದು 429 ಕೋಟಿಗೂ ಹೆಚ್ಚು! ಅದೇ ತಂದೆಗೆ, ಅದೇ ತಾಯಿಗೆ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಪಂದ್ಯ ಗೆದ್ದು ಇನ್ನೊಂದು ಹಿಂದುಳಿಯುವುದು ಏಕೆಂಬುದಕ್ಕೆ ಇಲ್ಲಿ ಅರ್ಧ ಉತ್ತರವಿದೆ. ಗ್ರೆಗರ್ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳನ್ನು ಕುರಿತು ಪ್ರಕಟಿಸಿದ ನಿಯಮಗಳು ಕುದುರೆಯ ಲಾಯಕ್ಕೂ ಅನ್ವಯಿಸುತ್ತವೆ.

ಅಮೆರಿಕದ 'ಸೆಕ್ರೆಟೇರಿಯಟ್' ಎಂಬ ಕುದುರೆಯ ಕಥೆ ಇದನ್ನು ಚೆನ್ನಾಗಿ ವಿಶದಪಡಿಸುತ್ತದೆ. 1973ರಲ್ಲಿ ಅದು ಆ ದೇಶದ ಮೂರು ಮಹಾಪಂದ್ಯಗಳನ್ನೂ ಗೆದ್ದಿತು. ಮೂರನೆಯದಾದ ಬೆಲ್‌ಮಾಂಟ್ ಪಂದ್ಯದಲ್ಲಿ ಒಂದೂವರೆ ಮೈಲಿಯನ್ನು ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡುಗಳಲ್ಲಿ ಓಡಿ, ಎರಡನೆಯ ಕುದುರೆಯನ್ನು ಮೂವತ್ತೊಂದು ಕುದುರೆಯುದ್ದಗಳಷ್ಟು ಹಿಂದೆ ಬಿಟ್ಟಿತು. ಅರ್ಧ ಶತಮಾನ ಕಳೆದರೂ ಆ ಪಂದ್ಯದ ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಅದಕ್ಕೆ ಆರುನೂರಕ್ಕೂ ಹೆಚ್ಚು ಮರಿಗಳು ಹುಟ್ಟಿದವು. ಅವುಗಳಲ್ಲಿ ಒಳ್ಳೆಯ ಓಟಗಾರರು ಇದ್ದರು. ಆದರೆ ತಂದೆಯನ್ನು ಸರಿಗಟ್ಟಿದವರು ಒಬ್ಬರೂ ಇಲ್ಲ. ಜನ ನಿರಾಶರಾದರು. ಮುಂದೆ ಆಶ್ಚರ್ಯವೊಂದು ಕಾದಿತ್ತು. ಸೆಕ್ರೆಟೇರಿಯಟ್‌ನ ಹೆಣ್ಣುಮರಿಗಳು ಬೆಳೆದು ತಾಯಂದಿರಾದಾಗ ಅವುಗಳ ಹೊಟ್ಟೆಯಲ್ಲಿ 'ಸ್ಟಾರ್ಮ್ ಕ್ಯಾಟ್', 'ಎ.ಪಿ. ಇಂಡಿ'ಯಂಥ ಕುದುರೆಗಳು ಜನಿಸಿದವು. ಎ.ಪಿ. ಇಂಡಿ 1992ರಲ್ಲಿ ಅದೇ ಬೆಲ್‌ಮಾಂಟ್ ಪಂದ್ಯವನ್ನು ಗೆದ್ದಿತು. ಇವೆರಡೂ ಮುಂದೆ ಹೆಸರಾಂತ ಪಿತೃಗಳಾದವು. ಗಂಡುಮಕ್ಕಳಲ್ಲಿ ಹುಡುಕಿದ ಸಿರಿ ಹೆಣ್ಣುಮಕ್ಕಳ ಮಡಿಲಲ್ಲಿ ಸಿಕ್ಕಿತು.

ಅಸಾಧಾರಣರಾದವರ ಮಕ್ಕಳು ಸಾಮಾನ್ಯವಾಗಿ ತಂದೆತಾಯಿಗಳಷ್ಟು ಅಸಾಧಾರಣರಾಗಿರದೆ ಸರಾಸರಿಯ ಕಡೆಗೆ ಸರಿಯುತ್ತಾರೆಂಬುದನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಮನುಷ್ಯರ ಎತ್ತರವನ್ನು ಅಳೆದು ತೋರಿಸಿದ್ದರು. ಏಕೆ ಹೀಗೆ? ಕುದುರೆಯ ಗೆಲುವಿನಲ್ಲಿ ವಂಶವಾಹಿಗಳ ಪಾಲಿನ ಜೊತೆಗೆ ಒಳ್ಳೆಯ ಮೇವು, ನುರಿತ ತರಬೇತುದಾರ, ಕುಶಲನಾದ ಸವಾರ, ಅಂದಿನ ನೆಲದ ಹದ, ಕೊನೆಗೆ ಅದೃಷ್ಟ, ಇವೆಲ್ಲದರ ಪಾಲೂ ಇರುತ್ತದೆ. ಮರಿಗೆ ಹರಿದುಬರುವುದು ವಂಶವಾಹಿಗಳ ಪಾಲು ಮಾತ್ರ. ಹಾಗಾದರೆ ಆ ಪಾಲು ಎಷ್ಟು? ಇದೇ ತಳಿವರ್ಧಕನ ಮುಂದಿರುವ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಮೊದಲು ಓಟದ ಯೋಗ್ಯತೆಯನ್ನು ಅಳೆಯಬೇಕು. ಸಮಯವೊಂದನ್ನೇ ಅಳೆದರೆ ಸಾಲದು. ಮಳೆ ಬಿದ್ದ ನೆಲದ ಮೇಲಿನ ಸಮಯಕ್ಕೂ ಒಣನೆಲದ ಮೇಲಿನ ಸಮಯಕ್ಕೂ ಹೋಲಿಕೆಯಿಲ್ಲ. ಗೆದ್ದ ಬಹುಮಾನದ ಹಣವನ್ನು ಎಣಿಸಿದರೂ ಸಾಲದು; ಶ್ರೀಮಂತನ ಕುದುರೆಗೆ ದೊಡ್ಡ ಪಂದ್ಯಗಳ ಅವಕಾಶವೂ ಉತ್ತಮ ಶಿಕ್ಷಣವೂ ಸುಲಭವಾಗಿ ದೊರೆಯುತ್ತವೆ. ಇವುಗಳಿಗಿಂತ ಮೇಲಾದುದು, ಯಾವ ಕುದುರೆ ಯಾರೊಡನೆ ಎಷ್ಟು ಭಾರ ಹೊತ್ತು ಹೇಗೆ ಓಡಿತೆಂಬುದನ್ನು ತೂಗಿ ನೋಡಿ ತಜ್ಞರು ಕೊಡುವ ಅಂಕ. 1988ರಲ್ಲಿ ಡಬ್ಲಿನ್ನಿನ ಗ್ಯಾಫ್ನಿ ಮತ್ತು ಕನಿಂಗ್‌ಹ್ಯಾಮ್ ಎಂಬ ವಿಜ್ಞಾನಿಗಳು ಇಂಥ ಅಂಕಗಳನ್ನು ಆಧರಿಸಿ, ಕುದುರೆ ಕುದುರೆಗಳ ನಡುವೆ ಓಟದ ಯೋಗ್ಯತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 35 ಭಾಗ ವಂಶವಾಹಿಗಳಿಂದ ಬಂದುದೆಂದು ಅಂದಾಜು ಮಾಡಿದರು. ಇದಕ್ಕೆ 'ಆನುವಂಶಿಕತೆಯ ಪ್ರಮಾಣ' ಎನ್ನುತ್ತಾರೆ. 2008ರಲ್ಲಿ ಎಡಿನ್‌ಬರೋದ ವಿಲ್ಸನ್ ಮತ್ತು ರಾಂಬೋ ಅವರು ಜೀವಮಾನದ ಗಳಿಕೆಯ ಹಣವನ್ನೇ ಅಳತೆಯಾಗಿಟ್ಟುಕೊಂಡಾಗ ಆ ಪ್ರಮಾಣ ನೂರಕ್ಕೆ ಸುಮಾರು ಹತ್ತು ಮಾತ್ರವೆಂದು ಕಂಡಿತು. ಅಷ್ಟೇ ಅಲ್ಲ, ಗಂಡುಕುದುರೆಯ ಸೇವೆಗೆ ಕೇಳುವ ದುಬಾರಿ ಶುಲ್ಕವು ಅದರ ವಂಶಬಲಕ್ಕೆ ನೆಚ್ಚಬಹುದಾದ ಸಾಕ್ಷಿಯಲ್ಲವೆಂದೂ ಅವರು ತೋರಿಸಿದರು. ಬೆಲೆಯಿದ್ದಲ್ಲೆಲ್ಲ ಬಲವಿರುವುದಿಲ್ಲ.

ಈ ಪ್ರಮಾಣವನ್ನು ಬಳಸುವ ಬಗೆಯನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯೋಣ. ಒಂದು ಗಂಡುಕುದುರೆಯ ಅಂಕ ತಳಿಯ ಸರಾಸರಿಗಿಂತ 20 ಹೆಚ್ಚಾಗಿದೆ ಎನ್ನಿರಿ. ಆನುವಂಶಿಕತೆಯ ಪ್ರಮಾಣ ನೂರಕ್ಕೆ 35 ಆದರೆ, ಆ 20ರಲ್ಲಿ ವಂಶವಾಹಿಗಳಿಂದ ಬಂದುದೆಂದು ನಿರೀಕ್ಷಿಸಬಹುದಾದುದು 7 ಅಂಕ. ಇದೇ ಆ ಕುದುರೆಯ 'ತಳಿಮೌಲ್ಯ'. ಅದರಲ್ಲಿ ಅರ್ಧ, ಎಂದರೆ ಮೂರೂವರೆ ಅಂಕ, ಮರಿಗೆ ಹೋಗುತ್ತದೆ. ತಾಯಿಯೂ ಅಷ್ಟೇ ಉತ್ತಮವಾಗಿದ್ದರೆ ಅದರ ಮೂರೂವರೆಯೂ ಸೇರಿ ಮರಿಯ ನಿರೀಕ್ಷೆ 7 ಆಗುತ್ತದೆ. ತಂದೆತಾಯಿಗಳು ಇಪ್ಪತ್ತು ಅಂಕ ಮೇಲಿದ್ದರೂ ಮರಿಯ ಮೇಲಿನ ಭರವಸೆ ಏಳು ಅಂಕದ್ದು. ಸೆಕ್ರೆಟೇರಿಯಟ್‌ನ ಮಕ್ಕಳ ವಿಷಯದಲ್ಲಿ ಜನ ನಿರಾಶರಾದುದಕ್ಕೆ ಕಾರಣ ಆ ಮಕ್ಕಳ ಕೊರತೆಯಲ್ಲ. ಜನರ ನಿರೀಕ್ಷೆಯ ಲೆಕ್ಕವೇ ಅಳತೆ ಮೀರಿತ್ತು.

ಒಂದು ಕುದುರೆಯ ಸ್ವಂತ ಓಟವನ್ನು ಮಾತ್ರ ನೋಡಿದರೆ ಈ ಅಂದಾಜು ಒರಟಾಗಿಯೇ ಉಳಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಂಡರ್ಸನ್ ಅವರು ಹಾಲಿನ ಹಸುಗಳಿಗಾಗಿ ಇನ್ನೂ ಸೂಕ್ಷ್ಮವಾದ ಗಣಿತ ವಿಧಾನವೊಂದನ್ನು ರೂಪಿಸಿದರು. ಪ್ರಾಣಿಯ ಸ್ವಂತ ಸಾಧನೆ, ತಂದೆತಾಯಿಗಳ ಸಾಧನೆ, ಒಡಹುಟ್ಟಿದವರ ಸಾಧನೆ, ಮಕ್ಕಳ ಸಾಧನೆ, ಇವೆಲ್ಲವನ್ನೂ ನೆಂಟಸ್ತನದ ದೂರಕ್ಕೆ ತಕ್ಕಂತೆ ತೂಗಿ ಒಟ್ಟುಗೂಡಿಸುವುದು ಅದರ ಮರ್ಮ. ಅದೇ ಕಾಲಕ್ಕೆ ವಯಸ್ಸು, ಋತು, ಸಾಕಿದ ಸ್ಥಳ ಮುಂತಾದವುಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಲಾಗುತ್ತದೆ. ಹಸುವಿನ ಹಾಲು ಕರೆಯಬಹುದು, ಹೋರಿಯಿಂದ ಕರೆಯಲಾದೀತೆ? ಆದರೂ ಹೋರಿಯ ಹೆಣ್ಣುಕರುಗಳು ಕೊಡುವ ಹಾಲಿನಿಂದ ಅದರ ತಳಿಮೌಲ್ಯವನ್ನು ಈ ವಿಧಾನ ಹೇಳಬಲ್ಲದು. ಹೀಗೆಯೇ ಗಾಯಗೊಂಡು ಒಮ್ಮೆಯೂ ಓಡದ ಹೆಣ್ಣುಕುದುರೆಯ ಯೋಗ್ಯತೆಯನ್ನು ಅದರ ಬಂಧುಗಳ ಓಟದಿಂದ ತಿಳಿಯಬಹುದು. ಇದು ಸಣ್ಣ ಉಪಕಾರವಲ್ಲ. ಏಕೆಂದರೆ ಕುದುರೆ ಸುಮಾರು ಹನ್ನೊಂದು ತಿಂಗಳು ಗರ್ಭ ಹೊತ್ತು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಬೇಡಿಕೆಯಲ್ಲಿರುವ ಗಂಡುಕುದುರೆಯಾದರೋ ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ಮರಿಗಳಿಗೆ ತಂದೆಯಾಗಬಲ್ಲದು. ಮಕ್ಕಳ ಸಾಕ್ಷಿ ತಂದೆಗೆ ಬಹುಬೇಗ ಸಿಕ್ಕುತ್ತದೆ, ತಾಯಿಗೆ ಸಿಕ್ಕುವುದು ನಿಧಾನ. ಸ್ವೀಡನ್, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಹಗುರವಾದ ಗಾಡಿ ಎಳೆದು ಪಂದ್ಯ ಓಡುವ ಕುದುರೆಗಳ ಆಯ್ಕೆಗೆ ಈ ವಿಧಾನ ಬಳಕೆಗೆ ಬಂದಿದೆ. ಥರೋಬ್ರೆಡ್ ಲೋಕದಲ್ಲಿ ಮಾತ್ರ ಹೆಸರು, ಬೆಲೆ, ಕಣ್ಣಂದಾಜುಗಳ ಆಳ್ವಿಕೆ ಇನ್ನೂ ಬಲವಾಗಿಯೇ ಇದೆ.

ಇತ್ತೀಚೆಗೆ ವಿಜ್ಞಾನಿಗಳು ವಂಶವಾಹಿಗಳನ್ನೇ ನೇರವಾಗಿ ಓದಲು ಕಲಿತಿದ್ದಾರೆ. 'ಟ್ವೈಲೈಟ್' ಎಂಬ ಥರೋಬ್ರೆಡ್ ಹೆಣ್ಣುಕುದುರೆಯ ಡಿಎನ್‌ಎ ಅನುಕ್ರಮ 2009ರಲ್ಲಿ ಪ್ರಕಟವಾಯಿತು. ಮರುವರ್ಷವೇ ಡಬ್ಲಿನ್ನಿನ ಎಮೆಲಿನ್ ಹಿಲ್ ಮತ್ತು ಅವರ ಸಂಗಡಿಗರು, ಸ್ನಾಯುಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ 'ಮಯೋಸ್ಟ್ಯಾಟಿನ್' ಎಂಬ ವಂಶವಾಹಿಯಲ್ಲಿ ಎರಡು ಬಗೆಗಳಿರುವುದನ್ನು ಓಟದೊಡನೆ ಹೊಂದಿಸಿ ತೋರಿಸಿದರು. ಅವುಗಳಿಗೆ 'ಸಿ' ಮತ್ತು 'ಟಿ' ಎಂದು ಗುರುತು. ತಂದೆತಾಯಿಗಳಿಬ್ಬರಿಂದಲೂ 'ಸಿ' ಪಡೆದ ಕುದುರೆ ಕಿರುದೂರದ ಬಿರುಸಿನ ಓಟಕ್ಕೆ ಹೇಳಿಮಾಡಿಸಿದ್ದು. ಇಬ್ಬರಿಂದಲೂ 'ಟಿ' ಪಡೆದದ್ದು ದೂರದ ಓಟಕ್ಕೆ ಬೇಕಾದ ತಾಳಿಕೆಯುಳ್ಳದ್ದು. ಒಂದೊಂದನ್ನು ಪಡೆದದ್ದು ನಡುದೂರಕ್ಕೆ ಸಲ್ಲುವಂಥದು. ಒಂದು ಮಾತನ್ನು ಇಲ್ಲಿ ನೆನಪಿಡಬೇಕು. ಈ ಪರೀಕ್ಷೆ ಕುದುರೆಗೆ ಒಪ್ಪುವ ದೂರವನ್ನು ಹೇಳುತ್ತದೆ, ಗೆಲುವನ್ನು ಹೇಳುವುದಿಲ್ಲ. ಓಟವೆಂಬುದು ಹೃದಯ, ಶ್ವಾಸಕೋಶ, ಮೂಳೆ, ನರ, ಮನೋಧರ್ಮ ಎಲ್ಲವೂ ಕೂಡಿದ ಕಾರ್ಯ. ಅದರಲ್ಲಿ ಪಾಲುಗೊಳ್ಳುವ ವಂಶವಾಹಿಗಳು ಅನೇಕ. ಒಂದೊಂದರ ಪಾಲೂ ಬಹುತೇಕ ಅತ್ಯಲ್ಪ.

ಆ 'ಸಿ' ಬಗೆ ಥರೋಬ್ರೆಡ್ ತಳಿಗೆ ಎಲ್ಲಿಂದ ಬಂದಿತು? ಮೂವರು ಪ್ರಸಿದ್ಧ ಪಿತೃಗಳಿಂದಲೇ ಬಂದಿರಬೇಕೆಂದು ಯಾರಿಗಾದರೂ ತೋರುತ್ತದೆ. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯೇ ತೀರ್ಮಾನಕ್ಕೆ ಬಂದಿತು. ಹಳೆಯ ಕಾಲದ ಗಂಡುಕುದುರೆಗಳ ಮೂಳೆಗಳನ್ನೂ ಇಂದಿನ ನಾನಾ ತಳಿಗಳನ್ನೂ ಪರೀಕ್ಷಿಸಿದ ವಿಜ್ಞಾನಿಗಳು, ಈ ಬಗೆ ತಳಿಯ ಆರಂಭಕಾಲದಲ್ಲಿ ಒಂದೇ ಒಂದು ಮೂಲದಿಂದ ಬಂದಿತೆಂದೂ, ಆ ಮೂಲ ಬಹುಶಃ ಮುನ್ನೂರು ವರ್ಷಗಳ ಹಿಂದಿನ ಒಂದು ಬ್ರಿಟಿಷ್ ನಾಡಹೆಣ್ಣುಕುದುರೆಯೆಂದೂ ಹೇಳಿದರು. ಅಲೆಪ್ಪೊವಿನಿಂದ ಹಡಗಿನಲ್ಲಿ ಬಂದ ಗಂಡುಕುದುರೆಗೆ ಹೆಸರು, ಚಿತ್ರ, ಚರಿತ್ರೆ ಎಲ್ಲವೂ ಉಳಿದಿವೆ. ಬಿರುಸಿನ ಓಟವನ್ನು ತಳಿಗೆ ಧಾರೆಯೆರೆದ ಆ ತಾಯಿಯ ಹೆಸರು ಮಾತ್ರ ಯಾರಿಗೂ ತಿಳಿಯದು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯನ್ನು ಹೇಳಿಕೊಂಡು ಬಂದವರಿಗೆ ಇದರಲ್ಲಿ ಅಚ್ಚರಿ ಕಾಣಲಾರದು.

ಆಯ್ಕೆಯೆಂಬುದು ಇಬ್ಬಾಯಿಯ ಕತ್ತಿ. ಗೆದ್ದವರನ್ನೇ ಮತ್ತೆ ಮತ್ತೆ ಆರಿಸಿದರೆ ಗುಣ ಹೆಚ್ಚುತ್ತದೆ. ಆದರೆ ನೆಂಟಸ್ತನದ ಬಳಗ ಕಿರಿದಾಗುತ್ತ ಬರುತ್ತದೆ. 2001ರ ಒಂದು ಅಧ್ಯಯನದಂತೆ ಇಂದಿನ ಥರೋಬ್ರೆಡ್‌ಗಳ ಪಿತೃಪರಂಪರೆಗಳಲ್ಲಿ ನೂರಕ್ಕೆ 95 ಡಾರ್ಲಿ ಅರೇಬಿಯನ್ ಒಬ್ಬನಿಗೇ ಸೇರಿದವು. ಮಾತೃಪರಂಪರೆಗಳಲ್ಲಿ ನೂರಕ್ಕೆ 72 ಕೇವಲ ಹತ್ತು ತಾಯಂದಿರಿಂದ ಬಂದವು. ಕಳೆದ ಐದು ದಶಕಗಳಲ್ಲಿ ಈ ತಳಿಯೊಳಗಿನ ರಕ್ತಸಂಬಂಧ ಇನ್ನೂ ಬಿಗಿಯಾಗುತ್ತ ಬಂದಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹತ್ತಿರದ ಸಂಬಂಧಿಗಳನ್ನು ಕೂಡಿಸಿದಾಗ, ಎರಡೂ ಕಡೆ ಅಡಗಿದ್ದ ದೋಷ ಒಂದೇ ಮರಿಯಲ್ಲಿ ಸೇರಿ ಹೊರಗೆ ಕಾಣಿಸಿಕೊಳ್ಳಬಹುದು. ಒಳಸಂಬಂಧ ಹೆಚ್ಚಿದಷ್ಟೂ ಮರಿ ಬೆಳೆದು ಪಂದ್ಯದ ಬಯಲಿಗೆ ಇಳಿಯುವ ಸಂಭವವೇ ಕಡಿಮೆಯಾಗುತ್ತದೆಂದು 2022ರ ಅಧ್ಯಯನವೊಂದು ತೋರಿಸಿತು. ಸುಮಾರು ಐನೂರು ಕಿಲೋಗ್ರಾಂ ತೂಕದ ಪ್ರಾಣಿ ಗಂಟೆಗೆ ಅರುವತ್ತು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವಾಗ, ನೆಲ ಮುಟ್ಟುವ ಮುಂಗಾಲೊಂದರ ಮೇಲೆ ಅದರ ದೇಹಭಾರದ ಎರಡೂವರೆಯಷ್ಟು ಒತ್ತಡ ಬೀಳುತ್ತದೆ. ವೇಗವನ್ನು ಮಾತ್ರ ಆರಿಸಿ ಮೂಳೆಯನ್ನು ಮರೆತರೆ ಅದರ ದಂಡವನ್ನು ತೆರುವುದು ಮಾಲೀಕನಲ್ಲ, ಕಾಲು ಮುರಿದುಕೊಂಡ ಮೂಕಪ್ರಾಣಿ. ಆದುದರಿಂದ ಗಟ್ಟಿತನವನ್ನೂ ಆರೋಗ್ಯವನ್ನೂ ಯೋಗ್ಯತೆಯ ಲೆಕ್ಕದಲ್ಲಿ ಸೇರಿಸಬೇಕು. ಕೂಡಿಸುವ ಮುನ್ನ ನೆಂಟಸ್ತನದ ದೂರವನ್ನು ಎಣಿಸಿ ನೋಡಬೇಕು. ಇದಕ್ಕೂ ಬೇಕಾದ ಸಾಧನ ಅದೇ ವಂಶಗ್ರಂಥ, ಅದೇ ಗಣಿತ.

ಈ ವಿದ್ಯೆಯನ್ನು ಮನುಷ್ಯರಿಗೆ ಅನ್ವಯಿಸಹೊರಟವರೂ ಇದ್ದರು. ಸರಾಸರಿಯ ಕಡೆಗಿನ ಸರಿತವನ್ನು ಕಂಡುಹಿಡಿದ ಗಾಲ್ಟನ್ನರೇ 1883ರಲ್ಲಿ, ಮನುಷ್ಯಕುಲವನ್ನೂ ಆಯ್ಕೆಯಿಂದ ತಿದ್ದಬೇಕೆಂಬ ವಾದಕ್ಕೆ ಹೆಸರಿಟ್ಟರು. ಮುಂದೆ ಅದನ್ನು ನೆಪಮಾಡಿಕೊಂಡು ಅಮೆರಿಕದಲ್ಲಿಯೂ ಹಿಟ್ಲರನ ಜರ್ಮನಿಯಲ್ಲಿಯೂ ಸಾವಿರಾರು ನಿರ್ದೋಷಿಗಳಿಗೆ ಮಕ್ಕಳಾಗದಂತೆ ಬಲವಂತದಿಂದ ಶಸ್ತ್ರಚಿಕಿತ್ಸೆ ಮಾಡಿದರು. ಕುದುರೆಗೆ ನಾವು ಕೇಳುವ ಪ್ರಶ್ನೆ ಒಂದೇ: ಎಷ್ಟು ವೇಗವಾಗಿ ಓಡಬಲ್ಲೆ? ಮನುಷ್ಯನ ಯೋಗ್ಯತೆಯನ್ನು ಅಂಥ ಒಂದು ಪ್ರಶ್ನೆಯಲ್ಲಿ ಅಳೆಯಲು ಬಾರದು. ಅವನನ್ನು ಆರಿಸುವ ಅಧಿಕಾರವೂ ಇನ್ನೊಬ್ಬ ಮನುಷ್ಯನಿಗಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದೆಂದು ಗಾದೆ ಹೇಳುತ್ತದೆ. ವಂಶವೇ ಸರ್ವಸ್ವವೆಂದು ನಂಬಿ ಮೂರು ಶತಮಾನ ದಾಖಲೆ ಇಟ್ಟವರ ಗ್ರಂಥಗಳೇ, ಕುದುರೆಗಳ ನಡುವಣ ಅಂತರದಲ್ಲಿ ವಂಶದ ಪಾಲು ಮೂರರಲ್ಲಿ ಒಂದರಷ್ಟು ಎಂದು ತೋರಿಸಿಕೊಟ್ಟಿವೆ. ಮಿಕ್ಕ ಅಂತರದಲ್ಲಿ ಅದೃಷ್ಟದ ಭಾಗ ನಮ್ಮ ಕೈಯಲ್ಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಮೇವು ಹಾಕುವವನು, ಲಾಳ ಸಡಿಲವಾದುದನ್ನು ಕಂಡು ಕಟ್ಟಿಸುವವನು, ಮರಿಯ ಮೂಳೆ ಬಲಿಯುವವರೆಗೆ ಅವಸರಪಡದೆ ಕಾಯುವ ತರಬೇತುದಾರ, ಇವರ ಭಾಗವೂ ಅದರಲ್ಲಿಯೇ ಇದೆ. ಅವರ ಹೆಸರುಗಳು ಯಾವ ವಂಶಗ್ರಂಥದಲ್ಲಿಯೂ ಸೇರುವುದಿಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. 'ಆಯ್ಕೆಯ ತಳಿವರ್ಧನೆ' ಎಂದರೇನು?
2. ಎಕ್ಲಿಪ್ಸ್ ಕುದುರೆಗೆ ಆ ಹೆಸರು ಬರಲು ಕಾರಣವೇನು?
3. ಮಯೋಸ್ಟ್ಯಾಟಿನ್ ಪರೀಕ್ಷೆ ಕುದುರೆಯ ವಿಷಯದಲ್ಲಿ ಏನನ್ನು ತಿಳಿಸುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಸೆಕ್ರೆಟೇರಿಯಟ್‌ನ ಮರಿಗಳು ತಂದೆಯನ್ನು ಸರಿಗಟ್ಟಲಿಲ್ಲವೇಕೆ?
2. ಬಹುಮಾನದ ಹಣವು ಕುದುರೆಯ ವಂಶಬಲಕ್ಕೆ ಸರಿಯಾದ ಅಳತೆಯಲ್ಲವೇಕೆ?
3. ವೇಗವೊಂದನ್ನೇ ಗುರಿಯಾಗಿಟ್ಟುಕೊಂಡ ಆಯ್ಕೆಯಿಂದ ಒದಗುವ ಅಪಾಯಗಳಾವುವು?

ಇ. ಒಂದು ಕುದುರೆಯ ಅಂಕ ಸರಾಸರಿಗಿಂತ 40 ಹೆಚ್ಚಾಗಿದೆ. ಆನುವಂಶಿಕತೆಯ ಪ್ರಮಾಣ ನೂರಕ್ಕೆ 35. ಅದರ ತಳಿಮೌಲ್ಯವೆಷ್ಟು? ಅದರಿಂದ ಮರಿಗೆ ಹೋಗುವ ಪಾಲೆಷ್ಟು?

ಈ. ನಿಮ್ಮ ಊರಿನ ರೈತರು ದನ ಅಥವಾ ಕುರಿಗಳನ್ನು ಆರಿಸುವಾಗ ಯಾವ ಯಾವ ಲಕ್ಷಣಗಳನ್ನು ನೋಡುತ್ತಾರೆಂಬುದನ್ನು ಕೇಳಿ ತಿಳಿದು ಒಂದು ಪುಟ ಬರೆಯಿರಿ.